ರಕ್ತದೊತ್ತಡದ ಮಾಪಕ ಮತ್ತು ಅದರ ಮಾತುಗಳ ಅರ್ಥ

ಕಳೆದ ಎರಡು ಸಂಚಿಕೆಗಳಲ್ಲಿ ನಾವು ಈ ಆರೋಗ್ಯ ವಿಭಾಗದಲ್ಲಿ ಮಧುಮೇಹವನ್ನು ಕುರಿತು ಬರೆದಿದ್ದೆವು. ರಕ್ತದೊತ್ತಡವನ್ನು ಕುರಿತೂ ಬರೆಯಬೇಕೆಂದು ಹಲವು ಭಕ್ತರು ಕೇಳಿಕೊಂಡಿದ್ದರು. ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬ ಪಟ್ಟಿಯನ್ನು ಕೊಟ್ಟು ಮುಗಿಸುವುದು ಸುಲಭವಾಗಿತ್ತು. ಆದರೆ ಕುರುಡುಮಲೆಯಲ್ಲಿ ಹಿರಿಯ ಭಕ್ತರೊಬ್ಬರೊಡನೆ ನಡೆದ ಮಾತುಕತೆಯಿಂದ ನಮಗೆ ಬೇರೊಂದು ವಿಷಯ ಮನವರಿಕೆಯಾಯಿತು. ನಮ್ಮ ಜನರಿಗೆ ಒತ್ತಡವನ್ನು ಅಳೆಯುವ ಯಂತ್ರ ಹೊಸದಲ್ಲ, ಅಂಕಿಗಳೂ ಹೊಸವಲ್ಲ. ಅಂಕಿಗಳ ಜೊತೆಗೆ ಬರುವ ಮಾತುಗಳು ಮಾತ್ರ ದಾರಿ ತಪ್ಪಿಸುತ್ತಿವೆ. ಆದ್ದರಿಂದ ಈ ಬಾರಿ ಆ ಮಾತುಗಳನ್ನೇ ಬಿಡಿಸಿ ನೋಡೋಣ.

ಆ ಹಿರಿಯರು ಟೊಮೆಟೊ ಬೆಳೆಗಾರರು. ವಯಸ್ಸು ಅರವತ್ತನ್ನು ದಾಟಿದೆ. ದೇವಾಲಯದ ಬಳಿ ನಮ್ಮನ್ನು ಕಂಡು, ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೊಟ್ಟರು. ಅದರಲ್ಲಿ 168/102 ಎಂದು ಬರೆದಿತ್ತು. ಮೂರು ತಿಂಗಳ ಹಿಂದಿನ ಇನ್ನೊಂದು ಚೀಟಿಯಲ್ಲಿ 130/84 ಎಂದಿತ್ತು. ನಡುವೆ ಏನಾಯಿತೆಂದು ಕೇಳಿದೆವು. "ನಾರ್ಮಲ್ ಅಂದ್ರು ಸಾಮಿ, ಅದಕ್ಕೇ ಮಾತ್ರೆ ಬಿಟ್ಬಿಟ್ಟೆ. ನನಗೇನು ಟೆನ್ಷನ್ನಾ? ಮಕ್ಕಳು ಒಂದು ದಾರಿಗೆ ಬಂದವ್ರೆ, ಸಾಲ ತೀರೈತೆ. ಟೆನ್ಷನ್ ಇಲ್ದೋನಿಗೆ ಬಿಪಿ ಎಲ್ಲಿಂದ ಬರ್ತದೆ?" ಎಂದರು. ಅವರ ತಮ್ಮನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಅವರಿಗೂ ಟೆನ್ಷನ್ ಇರಲಿಲ್ಲವಂತೆ.

ಈ ಉತ್ತರದಲ್ಲಿ ಮೂರು ಮಾತುಗಳಿವೆ: ನಾರ್ಮಲ್, ಟೆನ್ಷನ್, ಬಿಪಿ. ಮೂರನ್ನೂ ಅವರು ತಮಗೆ ತಿಳಿದ ಅರ್ಥದಲ್ಲಿಯೇ ಸರಿಯಾಗಿ ಬಳಸಿದ್ದರು. ವೈದ್ಯರು ಬಳಸಿದ ಅರ್ಥ ಬೇರೆಯಾಗಿತ್ತು.

ಹೆಸರು ಒಂದನ್ನು ಹೇಳುತ್ತಾ ಹುರುಳು ಇನ್ನೊಂದಾಗಿರುವುದು ಈ ಸೀಮೆಯವರಿಗೆ ಹೊಸತಲ್ಲ. ಕುರುಡುಮಲೆ ಎಂದೊಡನೆ ಹೊರಗಿನವರು ಕುರುಡು ಎಂಬ ಪದವನ್ನು ಹಿಡಿದುಕೊಳ್ಳುತ್ತಾರೆ. ಸ್ಥಳಪುರಾಣವು ಇದನ್ನು ಕೂಡುಮಲೆ, ದೇವತೆಗಳು ಕೂಡಿದ ಮಲೆ ಎಂದು ಹೇಳುತ್ತದೆ. ಮುಳಬಾಗಿಲಿನಲ್ಲಿಯೂ ಮುಳ್ಳಿಲ್ಲ, ಅದು ಮೂಡಲ ಬಾಗಿಲು. ಬಾಯಿಂದ ಬಾಯಿಗೆ ಸಾಗುವಾಗ ಮಾತು ಸವೆಯುತ್ತದೆ. ಊರಿನ ಹೆಸರು ಸವೆದರೆ ಯಾರಿಗೂ ನಷ್ಟವಿಲ್ಲ. ರೋಗದ ಹೆಸರು ಸವೆದರೆ ನಷ್ಟವಿದೆ.

ಮೊದಲು ಟೆನ್ಷನ್ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಅಧಿಕ ರಕ್ತದೊತ್ತಡಕ್ಕೆ ವೈದ್ಯರು ಹೈಪರ್‌ಟೆನ್ಷನ್ ಎನ್ನುತ್ತಾರೆ. ಹೈಪರ್ ಎಂಬುದು ಗ್ರೀಕ್ ಮಾತು, ಮೀರಿದ, ಹೆಚ್ಚಿನ ಎಂದರ್ಥ. ಟೆನ್ಷನ್ ಲ್ಯಾಟಿನ್ ಮೂಲದ್ದು, ಎಳೆ, ಬಿಗಿಯಾಗಿ ಚಾಚು ಎಂಬ ಧಾತುವಿನಿಂದ ಬಂದದ್ದು. ತಂಬೂರಿಯ ತಂತಿಯನ್ನು ಬಿಗಿದಾಗ ಅದರಲ್ಲಿ ಇರುವುದು ಟೆನ್ಷನ್. ರಾಟೆಗೆ ಹಾಕಿದ ಹಗ್ಗಕ್ಕೆ ತುಂಬಿದ ಕೊಡ ಕಟ್ಟಿದಾಗ ಹಗ್ಗದಲ್ಲಿರುವುದೂ ಟೆನ್ಷನ್. ವಿದ್ಯುತ್ತಿನ ದೊಡ್ಡ ತಂತಿಗಳನ್ನು ನಮ್ಮ ರೈತರು ಹೈಟೆನ್ಷನ್ ಲೈನ್ ಎನ್ನುತ್ತಾರೆ. ಆ ತಂತಿಗೆ ಚಿಂತೆಯಿದೆಯೆಂದು ಯಾರೂ ಭಾವಿಸುವುದಿಲ್ಲ. ರಕ್ತನಾಳದ ವಿಷಯದಲ್ಲಿಯೂ ಅರ್ಥ ಇಷ್ಟೇ. ಒಳಗಿನ ರಕ್ತವು ಒತ್ತಿದಾಗ ನಾಳದ ಗೋಡೆ ಹಿಗ್ಗಿ ಬಿಗಿಯುತ್ತದೆ. ಫ್ರೆಂಚರು ಇಂದಿಗೂ ರಕ್ತದೊತ್ತಡವನ್ನು ನಾಳದ ಬಿಗಿತ ಎಂಬರ್ಥದಲ್ಲಿ ಟೆನ್ಷನ್ ಎಂದೇ ಕರೆಯುತ್ತಾರೆ. ಮನಸ್ಸಿನ ಕಳವಳಕ್ಕೆ ಈ ಮಾತು ಅಂಟಿಕೊಂಡದ್ದು ಆಮೇಲೆ, ಹೋಲಿಕೆಯಿಂದ. ನಮ್ಮಲ್ಲಿ ಆ ಎರಡನೆಯ ಅರ್ಥವೇ ಮನೆಮಾತಾಗಿ, ಮೊದಲನೆಯದು ವಿದ್ಯುತ್ ಕಂಬದ ಮೇಲೆ ಮಾತ್ರ ಉಳಿಯಿತು.

ಇಂಗ್ಲಿಷ್ ಪದವನ್ನು ಬಿಟ್ಟು ಕನ್ನಡಕ್ಕೆ ಬಂದರೆ ತೊಡಕು ತೀರುವುದೆಂದು ನಾವು ಭಾವಿಸಿದ್ದೆವು. ತೀರುವುದಿಲ್ಲ. ಒತ್ತು ಎಂಬ ನಮ್ಮ ಧಾತು ಬಹಳ ಸಂಪನ್ನವಾದುದು. ಶಾವಿಗೆಯನ್ನು ಒತ್ತುತ್ತೇವೆ, ಹಿರಿಯರ ಕಾಲನ್ನು ಒತ್ತುತ್ತೇವೆ, ಅಕ್ಷರಕ್ಕೆ ಒತ್ತು ಕೊಡುತ್ತೇವೆ, ಊಟಕ್ಕೆ ಒತ್ತಾಯ ಮಾಡುತ್ತೇವೆ, ಕಷ್ಟಕಾಲದಲ್ಲಿ ಒತ್ತಾಸೆಯಾಗಿ ನಿಲ್ಲುತ್ತೇವೆ. ಆದರೆ ರಕ್ತದ ಒತ್ತಡ, ಕೆಲಸದ ಒತ್ತಡ, ಮನಸ್ಸಿನ ಒತ್ತಡ ಮೂರಕ್ಕೂ ನಾವು ಒಂದೇ ಪದವನ್ನು ಹಂಚಿದ್ದೇವೆ. ಹೀಗಾಗಿ ಕನ್ನಡದಲ್ಲಿ ಓದಿದವರಿಗೂ ಅದೇ ಭ್ರಮೆ ಉಂಟಾಗುತ್ತದೆ. ಸಿಟ್ಟಿನ ಮನುಷ್ಯನನ್ನು ಕಂಡು "ಅವನಿಗೆ ಬಿಪಿ ಜಾಸ್ತಿ" ಎನ್ನುವುದನ್ನು ನಾವೆಲ್ಲರೂ ಕೇಳಿದ್ದೇವೆ.

ಸಿಟ್ಟು, ಭಯ, ದುಃಖಗಳಿಂದ ಒತ್ತಡವು ತಾತ್ಕಾಲಿಕವಾಗಿ ಏರುವುದು ನಿಜ. ದೀರ್ಘಕಾಲದ ಮನಃಕ್ಲೇಶವೂ ಒಳ್ಳೆಯದಲ್ಲ. ಆದರೆ ಅಧಿಕ ರಕ್ತದೊತ್ತಡ ಎಂಬ ಸ್ಥಿತಿಗೆ ವಯಸ್ಸು, ವಂಶ, ಉಪ್ಪು, ಮೈತೂಕ, ಮದ್ಯ, ನಡಿಗೆಯಿಲ್ಲದ ದಿನಚರಿ, ಕೆಲವೊಮ್ಮೆ ಮೂತ್ರಪಿಂಡದ ತೊಂದರೆ, ಹೀಗೆ ಅನೇಕ ಕಾರಣಗಳಿವೆ. ಶಾಂತಚಿತ್ತರಾಗಿ ಇಷ್ಟಲಿಂಗ ಪೂಜೆಗೆ ಕುಳಿತವರ ತೋಳಿಗೆ ಪಟ್ಟಿ ಕಟ್ಟಿದರೂ 170 ಬರಬಹುದು. ಚಿಂತೆಯಿಲ್ಲವೆಂಬುದು ರೋಗವಿಲ್ಲವೆಂಬುದಕ್ಕೆ ಪ್ರಮಾಣವಲ್ಲ.

ಇನ್ನು ಯಂತ್ರದ ಕಡೆಗೆ ಬರೋಣ. ನಮ್ಮ ಹಿರಿಯರಿಗೆ ಇದನ್ನು ವಿವರಿಸಲು ಹೊರಟಾಗ ಅವರೇ ಅಡ್ಡ ಬಂದು, "ಗೇಜು ನನಗೆ ಗೊತ್ತು ಸಾಮಿ, ನಮ್ಮ ಡ್ರಿಪ್ಪಿಗೂ ಐತೆ" ಎಂದರು. ಕೋಲಾರ ಜಿಲ್ಲೆಯಲ್ಲಿ ನದಿಯ ನೀರನ್ನು ನಂಬಿ ಬೇಸಾಯ ಮಾಡಿದವರು ಕಡಿಮೆ. ಆಳದ ಕೊಳವೆಬಾವಿಯಿಂದ ಬಂದ ನೀರನ್ನು ಹನಿಹನಿಯಾಗಿ ಬಳಸುವ ವಿದ್ಯೆ ಇಲ್ಲಿಯ ಟೊಮೆಟೊ ಬೆಳೆಗಾರರಿಗೆ ಕರಗತವಾಗಿದೆ. ಹನಿ ನೀರಾವರಿಯ ಫಿಲ್ಟರಿಗೆ ನೀರು ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು, ಹೀಗೆ ಎರಡು ಗೇಜುಗಳಿರುತ್ತವೆ. ಎರಡರ ನಡುವಣ ಅಂತರ ಹೆಚ್ಚಿತೆಂದರೆ ಫಿಲ್ಟರಿನಲ್ಲಿ ಕಸ ಕಟ್ಟಿದೆ, ತೊಳೆಯಬೇಕು ಎಂದರ್ಥ. ಗಿಡ ಬಾಡಿದ ಮೇಲೆ ತೊಳೆಯುವ ರೈತನನ್ನು ಯಾರೂ ಜಾಣನೆನ್ನುವುದಿಲ್ಲ. ಗಿಡ ಹಸಿರಾಗಿರುವಾಗಲೇ ಮುಳ್ಳು ಎಚ್ಚರಿಸುತ್ತದೆ, ಅದಕ್ಕಾಗಿಯೇ ಗೇಜು ಇರುವುದು.

ಈ ತಿಳಿವಳಿಕೆಯಿಂದಲೇ ಅವರಲ್ಲಿ ಒಂದು ತಪ್ಪು ಕಲ್ಪನೆಯೂ ಹುಟ್ಟಿತ್ತು. ಚೀಟಿಯಲ್ಲಿ ಮೇಲೊಂದು, ಕೆಳಗೊಂದು ಅಂಕಿಯಿರುವುದರಿಂದ, ಮೇಲಿನದು ಎದೆಯಿಂದ ಮೇಲಿನ ದೇಹದ್ದು, ಕೆಳಗಿನದು ಕಾಲುಗಳ ಕಡೆಯದು ಎಂದು ಅವರು ತಿಳಿದಿದ್ದರು. ಫಿಲ್ಟರಿನ ಎರಡು ಗೇಜುಗಳು ಒಂದೇ ಹೊತ್ತಿನಲ್ಲಿ ಎರಡು ಸ್ಥಳಗಳ ಒತ್ತಡವನ್ನು ಹೇಳುತ್ತವೆ. ರಕ್ತದೊತ್ತಡದ ಎರಡು ಅಂಕಿಗಳು ಒಂದೇ ಸ್ಥಳದ ಎರಡು ಹೊತ್ತಿನ ಒತ್ತಡವನ್ನು ಹೇಳುತ್ತವೆ. ಈ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಮುಗಿದಂತೆ.

ಯಾವ ಎರಡು ಹೊತ್ತು? ಮನೆಯಲ್ಲಿಡುವ ವಿದ್ಯುನ್ಮಾನ ಯಂತ್ರಗಳ ಮೇಲೆ ಸಿಸ್ಟೋಲಿಕ್, ಡಯಾಸ್ಟೋಲಿಕ್ ಎಂಬ ಮಾತುಗಳ ಮೊದಲ ಅಕ್ಷರಗಳು ಇರುತ್ತವೆ. ಇವೆರಡೂ ಗ್ರೀಕ್. ಸಿಸ್ಟೋಲಿ ಎಂದರೆ ಒಂದೆಡೆಗೆ ಸೆಳೆದುಕೊಳ್ಳುವುದು, ಡಯಾಸ್ಟೋಲಿ ಎಂದರೆ ಬೇರೆಬೇರೆಯಾಗಿ ಬಿಚ್ಚಿಕೊಳ್ಳುವುದು. ನಮ್ಮ ವಿಜ್ಞಾನ ಲೇಖಕರು ಇವನ್ನು ಸಂಕೋಚನ, ವ್ಯಾಕೋಚನ ಎಂದು ಕರೆದರು. ಎಷ್ಟು ಒಪ್ಪುವ ಆಯ್ಕೆ! ಸಂಕೋಚನದ ಮೊದಲಿಗಿರುವ ಸಂ ಎಂಬುದು ಕೂಡಿಸುವುದನ್ನು ಸೂಚಿಸುತ್ತದೆ. ವ್ಯಾಕೋಚ ಎಂಬ ಸಂಸ್ಕೃತ ಪದವನ್ನು ಅರಳಿದ ಹೂವಿಗೆ ಬಳಸುತ್ತಾರೆ. ಹೃದಯವು ಮುಷ್ಟಿ ಕಟ್ಟಿದಂತೆ ಮುದುಡಿ ರಕ್ತವನ್ನು ನಾಳಕ್ಕೆ ನೂಕಿದಾಗ ಇರುವ ಅತ್ಯಧಿಕ ಒತ್ತಡವೇ ಮೇಲಿನ ಅಂಕಿ. ಹೃದಯವು ಅರಳಿ ಮತ್ತೆ ರಕ್ತವನ್ನು ತುಂಬಿಕೊಳ್ಳುವಾಗ ನಾಳದಲ್ಲಿ ಉಳಿದಿರುವ ಕನಿಷ್ಠ ಒತ್ತಡವೇ ಕೆಳಗಿನ ಅಂಕಿ. ಗ್ರೀಕ್ ಛಂದಸ್ಸಿನಲ್ಲಿ ದೀರ್ಘಾಕ್ಷರವನ್ನು ಹ್ರಸ್ವಗೊಳಿಸುವುದಕ್ಕೂ ಸಿಸ್ಟೋಲಿ ಎಂದೇ ಹೆಸರು, ಹ್ರಸ್ವವನ್ನು ದೀರ್ಘಗೊಳಿಸುವುದಕ್ಕೆ ಡಯಾಸ್ಟೋಲಿ. ಲಘು ಗುರುಗಳನ್ನು ಬಲ್ಲ ನಮ್ಮ ಓದುಗರಿಗೆ ಇದು ಹಿಡಿಸಬಹುದೆಂದು ಹೇಳಿದೆವು, ಚಿಕಿತ್ಸೆಗೆ ಇದರಿಂದ ಉಪಯೋಗವೇನೂ ಇಲ್ಲ.

ಹೃದಯವು ಅರಳುವಾಗ ಒತ್ತಡವು ಸೊನ್ನೆಗೆ ಏಕೆ ಇಳಿಯುವುದಿಲ್ಲ? ಧಮನಿಯ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗಬಲ್ಲದು. ಹೃದಯವು ನೂಕಿದಾಗ ಹಿಗ್ಗಿದ ಗೋಡೆಯು ಹೃದಯದ ವಿಶ್ರಾಂತಿಯ ಹೊತ್ತಿನಲ್ಲಿ ತಾನೇ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ವಯಸ್ಸಾದಂತೆ ಈ ಗೋಡೆ ಪೆಡಸಾಗುತ್ತದೆ. ಆಗ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಹಾಗೆಯೇ ಉಳಿಯಬಹುದು, ಇಳಿಯಲೂಬಹುದು. 165/80 ಎಂಬ ಚೀಟಿಯನ್ನು ಹಿಡಿದು "ಕೆಳಗಿನದು ಚೆನ್ನಾಗಿದೆಯಲ್ಲ" ಎಂದು ಸಮಾಧಾನಪಡುವ ಹಿರಿಯರನ್ನು ನಾವು ಬಹಳ ಕಂಡಿದ್ದೇವೆ. ಮೇಲಿನದು ಮಾತ್ರ ಹೆಚ್ಚಿದ್ದರೂ ಅದು ಅಧಿಕ ರಕ್ತದೊತ್ತಡವೇ.

ಧಮನಿ ಎಂಬ ಪದದಲ್ಲಿಯೂ ಒಂದು ಹಳೆಯ ತಿಳಿವಳಿಕೆ ಅಡಗಿದೆ. ಊದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಅದು ಬಂದಿದೆ, ಊದುವ ಕೊಳವೆಯೆಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಇಂಗ್ಲಿಷಿನ ಆರ್ಟರಿಯ ಮೂಲವಾದ ಗ್ರೀಕ್ ಪದಕ್ಕೂ ಶ್ವಾಸನಾಳ ಎಂಬ ಅರ್ಥವಿತ್ತು. ಸತ್ತ ದೇಹದ ಧಮನಿಗಳು ಬರಿದಾಗಿರುವುದನ್ನು ಕಂಡ ಪ್ರಾಚೀನ ಗ್ರೀಕರಲ್ಲಿ ಹಲವರು ಅವುಗಳಲ್ಲಿ ಗಾಳಿ ಹರಿಯುತ್ತದೆಂದು ನಂಬಿದ್ದರು. ಆ ನಂಬಿಕೆ ಹೋಯಿತು, ಹೆಸರು ಉಳಿಯಿತು.

ಒಳಗಿರುವುದು ರಕ್ತ, ಅದೂ ಬಲವಾಗಿ ನುಗ್ಗುವ ರಕ್ತ ಎಂಬುದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಒಬ್ಬ ಪಾದ್ರಿ, ಸ್ಟೀಫನ್ ಹೇಲ್ಸ್. ಧರ್ಮಕಾರ್ಯದ ನಡುವೆಯೇ ವಿಜ್ಞಾನವನ್ನೂ ನಡೆಸಿದವರು. ಹೆಣ್ಣುಕುದುರೆಯೊಂದರ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನು ನೇರವಾಗಿ ನಿಲ್ಲಿಸಿದರು. ರಕ್ತವು ಆ ನಳಿಗೆಯಲ್ಲಿ 8 ಅಡಿ 3 ಅಂಗುಲದಷ್ಟು ಮೇಲೇರಿತು. ಇದನ್ನು ಅವರು 1733ರಲ್ಲಿ ಪ್ರಕಟಿಸಿದರು. ಆ ಮೂಕಜೀವಿಯನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಇಂದು ನಾವು ನೋವಿಲ್ಲದೆ ತೋಳು ಚಾಚುತ್ತೇವೆ.

ಮನುಷ್ಯನ 120ರ ಒತ್ತಡವನ್ನು ನೀರಿನಲ್ಲಿ ಅಳೆದರೆ ಸುಮಾರು 1.6 ಮೀಟರ್ ಎತ್ತರವಾಗುತ್ತದೆ, ಅಂದರೆ ಹೆಚ್ಚುಕಡಿಮೆ ಒಬ್ಬ ಹೆಂಗಸಿನ ಎತ್ತರ. ಅಷ್ಟು ಎತ್ತರದ ನಳಿಗೆಯನ್ನು ಆಸ್ಪತ್ರೆಯಲ್ಲಿ ನಿಲ್ಲಿಸಿಕೊಂಡು ಕೂರಲಾಗದು. ಪಾದರಸವು ನೀರಿಗಿಂತ 13.6 ಪಟ್ಟು ಭಾರ, ಆದ್ದರಿಂದ ಅದೇ ಒತ್ತಡವನ್ನು 12 ಸೆಂಟಿಮೀಟರಿನಲ್ಲಿ ತೋರಿಸುತ್ತದೆ. ಫ್ರಾನ್ಸಿನ ಪ್ವಾಸೆಯ್ ಎಂಬ ವೈದ್ಯರು 1828ರಲ್ಲಿ ಈ ಉಪಾಯವನ್ನು ರಕ್ತದೊತ್ತಡಕ್ಕೆ ಅಳವಡಿಸಿದರು. ಚೀಟಿಯಲ್ಲಿ 120ರ ಮುಂದೆ ಬರೆಯುವ ಮಿ.ಮೀ. ಎಚ್‌ಜಿ ಎಂಬುದರ ಅರ್ಥ ಇಷ್ಟೆ: ಪಾದರಸವನ್ನು 120 ಮಿಲಿಮೀಟರ್ ಎತ್ತಬಲ್ಲ ಒತ್ತಡ. ಎಚ್‌ಜಿ ಎಂಬುದು ಪಾದರಸದ ಲ್ಯಾಟಿನ್ ಹೆಸರಾದ ಹೈಡ್ರಾರ್ಜಿರಂನ ಸಂಕೇತ. ಆ ಹೆಸರಿನ ಅರ್ಥ ನೀರುಬೆಳ್ಳಿ.

ಯಂತ್ರದ ಪೂರ್ಣ ನಾಮಧೇಯ ಸ್ಫಿಗ್ಮೊಮಾನೊಮೀಟರ್. ವೈದ್ಯವಿದ್ಯಾರ್ಥಿಗಳ ನಾಲಿಗೆಯೂ ಇದಕ್ಕೆ ತೊಡರುತ್ತದೆ. ಮೂರು ಗ್ರೀಕ್ ತುಂಡುಗಳಾಗಿ ಒಡೆದರೆ ಸುಲಭ. ಸ್ಫಿಗ್ಮೋಸ್ ಎಂದರೆ ನಾಡಿಯ ಮಿಡಿತ. ಮಾನೋಸ್ ಎಂದರೆ ವಿರಳ, ತೆಳು. ಮೀಟರ್ ಎಂದರೆ ಅಳತೆ. ನಡುವಿನ ತುಂಡು ವಿಚಿತ್ರವಾಗಿದೆಯಲ್ಲವೆ? ಮಾನೊಮೀಟರ್ ಎಂಬ ಹೆಸರು ಹುಟ್ಟಿದ್ದು ಗಾಳಿಯು ಎಷ್ಟು ವಿರಳವಾಗಿದೆಯೆಂದು ಅಳೆಯುವ ಉಪಕರಣಕ್ಕೆ. ಆಮೇಲೆ ಅದು ಒತ್ತಡವನ್ನು ಅಳೆಯುವ ಎಲ್ಲ ಉಪಕರಣಗಳಿಗೂ ನಿಂತಿತು. ಒತ್ತಡಮಾಪಕದ ಹೆಸರಿನಲ್ಲಿ ಒತ್ತಡ ಎಂಬ ಮಾತೇ ಇಲ್ಲ! ಗೇಜು ಎಂಬುದು ಫ್ರಾನ್ಸಿನ ಕಡೆಯ ಹಳೆಯ ಮಾತು, ಅಳತೆಗೋಲು ಎಂದರ್ಥ. ರೈಲು ಹಳಿಗಳ ನಡುವಣ ಅಂತರಕ್ಕೂ ಇದೇ ಮಾತು. ಕೋಲಾರ ಚಿಕ್ಕಬಳ್ಳಾಪುರ ಮಾರ್ಗವು ನ್ಯಾರೋ ಗೇಜ್ ಆಗಿದ್ದುದನ್ನು ನಮ್ಮ ಹಿರಿಯ ಓದುಗರು ಕಂಡಿದ್ದಾರೆ.

ಪಾದರಸವು ವಿಷ. ಅದರ ಬಳಕೆಯನ್ನು ತಗ್ಗಿಸಲು 2013ರಲ್ಲಿ ರಾಷ್ಟ್ರಗಳು ಮಿನಮಾಟಾ ಒಪ್ಪಂದವನ್ನು ಮಾಡಿಕೊಂಡವು, ಭಾರತವು 2018ರಲ್ಲಿ ಅದನ್ನು ಅಂಗೀಕರಿಸಿತು. ಹೀಗಾಗಿ ಪಾದರಸದ ಉದ್ದನೆಯ ಪೆಟ್ಟಿಗೆಗಳು ಆಸ್ಪತ್ರೆಗಳಿಂದ ಮರೆಯಾಗುತ್ತಿವೆ. ಅವುಗಳ ಸ್ಥಾನದಲ್ಲಿ ಗಡಿಯಾರದಂತಹ ಮುಳ್ಳಿನ ಮಾಪಕಗಳೂ ವಿದ್ಯುನ್ಮಾನ ಯಂತ್ರಗಳೂ ಬಂದಿವೆ. ಮುಳ್ಳಿನದಕ್ಕೆ ಅನೆರಾಯ್ಡ್ ಎಂಬ ಹೆಸರು, ದ್ರವವಿಲ್ಲದ್ದು ಎಂದರ್ಥ. ಇದರೊಳಗೆ ತೆಳು ಲೋಹದ ಡಬ್ಬಿಯೊಂದು ಗಾಳಿಯ ಒತ್ತಡಕ್ಕೆ ಉಬ್ಬಿ ಮುಳ್ಳನ್ನು ತಿರುಗಿಸುತ್ತದೆ. ಹೊಲದ ಗೇಜಿನಲ್ಲಿ ಡಬ್ಬಿಯ ಬದಲು ಬಾಗಿದ ಲೋಹದ ನಳಿಗೆ ಇರುತ್ತದೆ. ಫ್ರಾನ್ಸಿನ ಬೂರ್ದೋನ್ ಎಂಬವರು 1849ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಒತ್ತಡ ಹೆಚ್ಚಿದಾಗ ಆ ನಳಿಗೆಯು ನೆಟ್ಟಗಾಗಲು ಹವಣಿಸುತ್ತದೆ, ಮುಳ್ಳು ಸರಿಯುತ್ತದೆ. ತೋಳಿನ ಗೇಜೂ ಹೊಲದ ಗೇಜೂ ಹೀಗೆ ದಾಯಾದಿಗಳು. ಎರಡೂ ಹೇಳುವುದು ಸುತ್ತಲ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮುಳಬಾಗಿಲು ಸೀಮೆಯ ಎತ್ತರದಲ್ಲಿ ಗಾಳಿಯೇ ಸುಮಾರು 690 ಮಿ.ಮೀ. ಪಾದರಸದಷ್ಟು ಒತ್ತುತ್ತಿರುತ್ತದೆ. ಅದು ಒಳಗೂ ಹೊರಗೂ ಸಮವಾಗಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಹಿರಿಯರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಡ್ರಿಪ್ಪಿನ ಗೇಜು ಒಂದು ಕೆ.ಜಿ. ತೋರಿಸುತ್ತದೆ, ಹಾಗಾದರೆ ತಮ್ಮ 168 ಎಷ್ಟು ಕೆ.ಜಿ.? ಲೆಕ್ಕ ಹಾಕಿದೆವು. ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಎಂದರೆ ಸುಮಾರು 735 ಮಿ.ಮೀ. ಪಾದರಸ. 168 ಎಂದರೆ ಕಾಲು ಕೆ.ಜಿ.ಗಿಂತಲೂ ಸ್ವಲ್ಪ ಕಡಿಮೆ. "ಇಷ್ಟೇನಾ!" ಎಂದು ಅವರು ನಕ್ಕರು. ಅವರ ನಗೆಯಲ್ಲಿ ನ್ಯಾಯವಿತ್ತು. ಆದರೆ ಡ್ರಿಪ್ಪಿನ ಪಂಪು ಕರೆಂಟ್ ಇರುವಷ್ಟು ಹೊತ್ತು ಓಡುತ್ತದೆ, ಪೈಪು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಬಡಿದಷ್ಟು ಸಲವೂ ಮಿದುಳಿನ, ಕಣ್ಣಿನ, ಮೂತ್ರಪಿಂಡದ ನೂಲೆಳೆಯಂತಹ ನಾಳಗಳು ಆ ಹೆಚ್ಚುವರಿ ಬಿಗಿತವನ್ನು ತಾಳಿಕೊಳ್ಳಬೇಕು. ಹತ್ತು ವರ್ಷ ತಾಳಿಕೊಂಡ ಮೇಲೆ ಒಂದು ನಾಳ ಒಡೆಯುತ್ತದೆ ಅಥವಾ ಕಟ್ಟಿಕೊಳ್ಳುತ್ತದೆ. ಅದನ್ನೇ ನಾವು ಲಕ್ವ ಹೊಡೆಯಿತು ಎನ್ನುತ್ತೇವೆ, ಎಲ್ಲಿಂದಲೋ ಬಂದು ಹೊಡೆದಂತೆ. ತಮ್ಮನ ಹೆಸರನ್ನು ನಾವು ಎತ್ತಲಿಲ್ಲ, ಅವರೇ ಸುಮ್ಮನಾದರು.

ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಈಗಿನ ಕ್ರಮವನ್ನು ಕೊಟ್ಟವರು ಇಟಲಿಯ ರಿವಾ ರೋಚಿ, 1896ರಲ್ಲಿ. ಅವರು ಬಳಸಿದ್ದು ಸೈಕಲ್ಲಿನ ಒಳಟ್ಯೂಬನ್ನು. ನಾಡಿ ಹಿಡಿದು, ಪಟ್ಟಿಗೆ ಗಾಳಿ ತುಂಬಿ, ನಾಡಿ ಅಡಗುವ ಘಟ್ಟವನ್ನು ಅವರು ಗುರುತಿಸಿಕೊಂಡರು. ಹೀಗೆ ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ ಮೊಳಕೈಯ ಮಡಿಕೆಯಲ್ಲಿ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಪಟ್ಟಿಯು ಧಮನಿಯನ್ನು ಪೂರ್ತಿ ಅಮುಕಿದಾಗ ಶಬ್ದವಿಲ್ಲ. ಗಾಳಿಯನ್ನು ಮೆಲ್ಲನೆ ಬಿಡುತ್ತಾ ಬಂದಾಗ ರಕ್ತವು ತಡೆತಡೆದು ನುಗ್ಗುವ ಟಕ್ ಟಕ್ ಶಬ್ದ ಕೇಳತೊಡಗುತ್ತದೆ, ಆಗ ಕಾಣುವುದು ಸಂಕೋಚನದ ಒತ್ತಡ. ಪಟ್ಟಿ ಸಡಿಲವಾಗಿ ರಕ್ತವು ಸರಾಗವಾಗಿ ಹರಿದಾಗ ಶಬ್ದ ನಿಲ್ಲುತ್ತದೆ, ಆಗ ಕಾಣುವುದು ವ್ಯಾಕೋಚನದ ಒತ್ತಡ.

ಇಷ್ಟು ಸೂಕ್ಷ್ಮವಾದ ಅಳತೆಯನ್ನು ನಾವು ಅವಸರದಲ್ಲಿ ಕೆಡಿಸುತ್ತೇವೆ. ಬಸ್ಸಿಳಿದು ಏದುಸಿರಿನಲ್ಲಿ ಬಂದು ತೋಳು ಚಾಚುತ್ತೇವೆ, ಅಳೆಯುತ್ತಿರುವಾಗಲೇ ಮಗನ ಮದುವೆಯ ಮಾತಾಡುತ್ತೇವೆ. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಮೌನವಾಗಿ ಕುಳಿತಿರಬೇಕು. ಅದಕ್ಕೆ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪು ಸಲ್ಲದು. ಮೂತ್ರವನ್ನು ತಡೆದುಕೊಂಡಿದ್ದರೂ ಅಂಕಿ ಏರುತ್ತದೆ. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಏಳೆಂಟು ಮಿ.ಮೀ. ಹೆಚ್ಚಾಗಿ ತೋರುತ್ತದೆ. ಇದು ನೀರಿನ ತೊಟ್ಟಿಯ ಲೆಕ್ಕವೇ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚು ಬರುತ್ತದೆ. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆಸಿಕೊಂಡು, ಹೆಚ್ಚು ಬಂದ ತೋಳಿನಲ್ಲಿಯೇ ಮುಂದೆ ಅಳೆಯುವುದು ಸರಿಯಾದ ಕ್ರಮ. ಒಂದು ಅಳತೆಯನ್ನೇ ನಂಬದೆ, ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಬೇರೆ ಬೇರೆ ದಿನಗಳಲ್ಲಿ ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೆ ಕೆಳಗಿನದು 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಅಧಿಕ ರಕ್ತದೊತ್ತಡವೆಂದು ನಮ್ಮ ದೇಶದಲ್ಲಿ ಪರಿಗಣಿಸುತ್ತಾರೆ.

ಈ ಅಳತೆಗಾಗಿ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹ ಮೊದಲಾದವುಗಳನ್ನು ಮನೆಬಾಗಿಲಿಗೆ ಬಂದು ಪರೀಕ್ಷಿಸುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರಿನಲ್ಲಿ ಮೊದಲು ಆರಂಭವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ. ಮರುವರ್ಷ ಅದು ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಆಶಾ ಕಾರ್ಯಕರ್ತೆಯರು ಬಂದಾಗ "ನಮಗೇನೂ ಆಗಿಲ್ಲಮ್ಮ, ಮುಂದಿನ ಮನೆಗೆ ಹೋಗು" ಎಂದು ಹೇಳಿ ಕಳುಹಿಸುವವರೂ ಇದ್ದಾರೆ. ಏನೂ ಆಗದಿರುವಾಗಲೇ ಅಳೆಯುವ ರೋಗವಿದು. ಹೆಚ್ಚಿನವರಿಗೆ ತಲೆನೋವೂ ಇರುವುದಿಲ್ಲ, ತಲೆಸುತ್ತೂ ಇರುವುದಿಲ್ಲ.

ಉಳಿದದ್ದು ನಾರ್ಮಲ್ ಎಂಬ ಮಾತು. ಲ್ಯಾಟಿನ್ ಭಾಷೆಯಲ್ಲಿ ನಾರ್ಮ ಎಂದರೆ ಬಡಗಿಯ ಮೂಲೆಮಟ್ಟ. ಮಟ್ಟಕ್ಕೆ ಸರಿಯಾಗಿ ಕೂತಿದೆ ಎಂಬುದಷ್ಟೇ ನಾರ್ಮಲ್‌ನ ಅರ್ಥ. ಯಾವುದರಿಂದ ಕೂತಿದೆಯೆಂಬುದನ್ನು ಆ ಮಾತು ಹೇಳುವುದಿಲ್ಲ. ಓರೆಯಾದ ಬಾಗಿಲಿಗೆ ಬೆಣೆ ಹೊಡೆದು ಮಟ್ಟಕ್ಕೆ ತಂದ ಮೇಲೆ, ಮಟ್ಟ ಸರಿಯಾಯಿತಲ್ಲ ಎಂದು ಬೆಣೆಯನ್ನು ಕಿತ್ತರೆ ಏನಾದೀತು? ನಮ್ಮ ಹಿರಿಯರ 130/84 ಮಾತ್ರೆ ನುಂಗುತ್ತಿದ್ದಾಗಿನ ಅಳತೆ. ಅದನ್ನು ಬರೆದುಕೊಟ್ಟವರು, ಮಾತ್ರೆಯಿಂದ ಹತೋಟಿಯಲ್ಲಿದೆ, ಮುಂದುವರಿಸಿ ಎಂಬ ಎರಡು ಮಾತು ಹೆಚ್ಚು ಹೇಳಿದ್ದರೆ ಈ ಮೂರು ತಿಂಗಳು ಹಾಳಾಗುತ್ತಿರಲಿಲ್ಲವೆಂದು ನಮಗೆ ಅನಿಸಿತು. ವೈದ್ಯರ ಮುಂದೆ ಸಾಲು ಉದ್ದವಿರುತ್ತದೆ, ಅದೂ ನಿಜ. ಆದ್ದರಿಂದ ನಾವೇ ಕೇಳಬೇಕು: ಇದು ಮಾತ್ರೆಯ ಮೇಲಿನ ನಾರ್ಮಲ್ಲೋ, ಮಾತ್ರೆಯಿಲ್ಲದ ನಾರ್ಮಲ್ಲೋ? ತೂಕ ಇಳಿದು, ಉಪ್ಪು ತಗ್ಗಿ, ಕೆಲವರಿಗೆ ಔಷಧದ ಪ್ರಮಾಣ ಕಡಿಮೆಯಾಗುವುದುಂಟು. ಅದನ್ನು ವೈದ್ಯರು ನಿರ್ಧರಿಸಬೇಕು, ಚೀಟಿಯಲ್ಲ.

ಮಾತ್ರೆ ಎಂಬ ಪದವನ್ನು ಅವರಿಗೆ ಬಿಡಿಸಿ ಹೇಳಿದಾಗ ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವಾಯಿತು. ಮಾತ್ರಾ ಎಂದರೆ ಅಳತೆ, ಪ್ರಮಾಣ. ಛಂದಸ್ಸಿನಲ್ಲಿ ಕಾಲದ ಅಳತೆ, ವೈದ್ಯದಲ್ಲಿ ಔಷಧದ ಅಳತೆ. ಅಳೆ ಎಂಬ ಅದೇ ಪ್ರಾಚೀನ ಮೂಲದಿಂದಲೇ ಗ್ರೀಕರ ಮೀಟರೂ ನಮ್ಮ ಮಾಪಕವೂ ಬಂದಿವೆ. "ಹಂಗಾದ್ರೆ ಮೀಟರೂ ಮಾತ್ರೆನೂ ಒಂದೇ ಮನೇವು" ಎಂದರು.

ಅವರು ಮರುದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಆರು ವಾರಗಳ ನಂತರ ನಮ್ಮನ್ನು ಕಂಡಾಗ ಮಡಚಿದ ಚೀಟಿಗಳ ಬದಲು ಮೊಮ್ಮಗಳ ಹಳೆಯ ನೋಟುಪುಸ್ತಕ ಅವರ ಕೈಯಲ್ಲಿತ್ತು. ಪುಟಕ್ಕೆ ಗೆರೆ ಎಳೆದು, ತಾರೀಖು, ಹೊತ್ತು, ಯಾವ ತೋಳು ಎಂದು ಬರೆದು, ಮುಂದಿನ ಎರಡು ಸಾಲುಗಳಿಗೆ "ಮುದುಡಿದ್ದು", "ಅರಳಿದ್ದು" ಎಂದು ಹೆಸರಿಟ್ಟಿದ್ದರು. ಕೊನೆಯ ಸಾಲಿನಲ್ಲಿ 136, 84 ಎಂದಿತ್ತು, ಪಕ್ಕದಲ್ಲಿ "ಮಾತ್ರೆ ಮೇಲೆ" ಎಂದು ಸಣ್ಣದಾಗಿ ಬರೆದಿತ್ತು. ತಮ್ಮನಿಗೂ ಒಂದು ಪುಟವನ್ನು ತೆಗೆದಿರಿಸಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮುದ್ದೆಗೆ ಉಪ್ಪು ಹಾಕದಿದ್ದರೂ ಬಸ್ಸಾರು, ಉಪ್ಪಿನಕಾಯಿ, ಹಪ್ಪಳಗಳಲ್ಲಿ ನಮ್ಮ ಹೊಟ್ಟೆಗೆ ಎಷ್ಟು ಸೇರುತ್ತದೆ, ದಾಸೋಹದ ಅಡುಗೆಯಲ್ಲಿ ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.